ನಂಜಮ್ಮ ಮತ್ತು ಇಬ್ಬರು ಚೆಲುವರು

“ನೋಡ್ಕಳೆ ಪುಟ್ಟತಾಯಿ! ಇವತ್ತಿಂದ ಈ ಮನೇಲಿ ಒಂದು ಎಸಳು ಈರುಳ್ಳಿನೂ ನಾಯಿ ಬಾಯಿಗೆ ಹೋಗಾಕಿಲ್ಲ!”

ಹೀಗೆಂದು ಘೋಷಿಸಿ ಚೆಲುವರಾಜು ನಡುಮನೆಯಲ್ಲಿ ನಿಂತಿದ್ದ ಆಕೃತಿಯ ಮೇಲಿನ ಬೆಡ್‌ಶೀಟನ್ನು ಸರಕ್ಕನೆ ಎಳೆದರು. ಅದು ಸರಕ್ಕನೆ ಬರಲಿಲ್ಲ. ಒಳಗಿನ ಯಾವುದೋ ಮೊಳೆಗೆ ಸಿಕ್ಕಿಕೊಂಡು ಪರ್ರನೆ ಹರಿಯಿತು. ಅಷ್ಟು ಹೊತ್ತಿಗೆ ಪುಟ್ಟತಾಯಮ್ಮ ಕಣ್ಣು ಮುಚ್ಚಿಕೊಂಡಾಗಿತ್ತು. ಗಂಡ ಏನನ್ನಾದರೂ ಉದ್ಘಾಟನೆ ಮಾಡುವಾಗ ಮೊದಲು ಕಣ್ಣು ಮುಚ್ಚಬೇಕು ಎಂಬುದು ಇಷ್ಟು ವರ್ಷದ ಸಂಸಾರದಲ್ಲಿ ಅವರು ಕಲಿತ ವಿದ್ಯೆ. ಹಿಂದೊಮ್ಮೆ ಮುದ್ದೆ ಕಟ್ಟುವ ಯಂತ್ರದ ಉದ್ಘಾಟನೆಯಾದಾಗ ಕಣ್ಣು ಬಿಟ್ಟುಕೊಂಡೇ ನಿಂತಿದ್ದರು. ಮೊದಲನೇ ಮುದ್ದೆ ಫ್ಯಾನಿಗೆ ಬಡಿದು ಮನೆಯಲ್ಲಿದ್ದವರಿಗೆಲ್ಲ ಸಮಪಾಲಾಗಿ ಹಂಚಿಹೋಗಿತ್ತು. ಅದರ ಗುರುತು ಬಣ್ಣ ಹೊಡೆಸಿದ ಮೇಲೂ ಗೋಡೆಯ ಮೇಲಿದೆ.

ಪುಟ್ಟತಾಯಮ್ಮ ಒಂದು ಕಣ್ಣು ತೆರೆದು ನೋಡಿದರು. ಹಳೇ ವಾಷಿಂಗ್ ಮಷೀನಿನ ಡ್ರಮ್ಮೇ ಹೊಟ್ಟೆ. ಹಾಲಿನ ಕ್ಯಾನೇ ತಲೆ. ಎರಡು ಉದ್ದನೆ ಕೈ, ಒಂದರ ತುದಿಗೆ ಸೌಟು, ಇನ್ನೊಂದರ ತುದಿಗೆ ಇಕ್ಕಳ. ಕೆಳಗೆ ಚಕ್ರ. ಮುಖದ ನಟ್ಟನಡುವೆ ಹೊಳೆಯುವ ಮೂಗು.

“ಅದು ನನ್ ಕಾಫಿ ಫಿಲ್ಟ್ರಲ್ವಾ? ವಾರದಿಂದ ಮನೆಯೆಲ್ಲಾ ತಡಕಾಡ್ತಾ ಇವ್ನಿ!”

“ಫಿಲ್ಟ್ರು ಅನ್ಬ್ಯಾಡ, ಮೂಗು ಅನ್ನು!” ಐಟಿಐನಲ್ಲಿ ಫಿಟ್ಟರ್ ಮೇಷ್ಟ್ರಾಗಿದ್ದು ನಿವೃತ್ತರಾದ ಚೆಲುವರಾಜುಗೆ ಪಾಠ ಮಾಡುವ ಚಟ ಇನ್ನೂ ಬಿಟ್ಟಿರಲಿಲ್ಲ. “ನಾಯಿಗೆ ಆಗದೇ ಇರೋ ಪದಾರ್ಥ ಯಾವುದೇ ಇರ್ಲಿ, ಹತ್ತು ಮಾರು ದೂರದಿಂದ ವಾಸನೆ ಹಿಡಿದು, ಹೋಗಿ, ಬಾಯಿಗಿಡೋ ಮುಂಚೆ ಕಿತ್ಕೊಳ್ತದೆ. ನಂಜು ಕಂಡುಹಿಡಿಯೋದ್ರಿಂದ ಇದಕ್ಕೆ ನಂಜಮ್ಮ ಅಂತ ಹೆಸರಿಟ್ಟಿವ್ನಿ.”

“ನಮ್ ಚಿಕ್ಕಮ್ಮನ ಹೆಸರದು!”

“ನಿಮ್ ಚಿಕ್ಕಮ್ಮನೂ ಅಷ್ಟೇ ಅಲ್ವೇನೆ? ಯಾರ ಮನೇಲಿ ಏನು ಸಾರು ಅಂತ ಬೀದಿ ಕೊನೇಲಿ ನಿಂತು ಹೇಳ್ತಿದ್ರು!”

ಬೇರೆ ದಿನವಾಗಿದ್ದರೆ ಈ ಮಾತು ಸಂಜೆಯವರೆಗೆ ನಡೆಯಬೇಕಾದ ಜಗಳ. ಇವತ್ತು ಪುಟ್ಟತಾಯಮ್ಮನಿಗೆ ಅದಕ್ಕೆ ಪುರಸೊತ್ತಿರಲಿಲ್ಲ. ಅವರ ಕಣ್ಣು ಅಡುಗೆಮನೆಯ ಬಾಗಿಲಲ್ಲಿ ಕಾಲು ಚಾಚಿ ಮಲಗಿದ್ದ ಗೋಧಿ ಬಣ್ಣದ ನಾಯಿಯ ಮೇಲಿತ್ತು. ಈ ಯಂತ್ರ ಕೈಕೊಟ್ಟರೆ ಸಾಯಂಕಾಲದ ಹೊತ್ತಿಗೆ ಆ ಬಾಗಿಲು ಖಾಲಿ.

ಆದದ್ದು ಇಷ್ಟು. ಹಿಂದಿನ ತಿಂಗಳು ಪಕ್ಕದ ಮನೆಯಿಂದ ಬಂದ ಪೂಜೆಯ ಸಜ್ಜಿಗೆಯನ್ನು ಈ ಮಹಾರಾಯ ಬಟ್ಟಲು ಸಮೇತ ನೆಕ್ಕಿ ಮುಗಿಸಿದ್ದ. ಅದರ ತುಂಬಾ ಒಣದ್ರಾಕ್ಷಿ. ಮಾರನೇ ದಿನ ಎದ್ದು ನಿಲ್ಲಲು ಆಗಲಿಲ್ಲ. ಪಶುವೈದ್ಯೆ ಡಾಕ್ಟರ್ ಮುಬೀನಾ ಡ್ರಿಪ್ ಹಾಕಿ ಹೇಗೋ ಉಳಿಸಿಕೊಟ್ಟು, ಪುಟ್ಟತಾಯಮ್ಮನನ್ನು ಕೂರಿಸಿಕೊಂಡು ಬುದ್ಧಿ ಹೇಳಿದ್ದರು: ದ್ರಾಕ್ಷಿ, ಹಸಿಯಾಗಲಿ ಒಣಗಿದ್ದಾಗಲಿ, ನಾಯಿಯ ಕಿಡ್ನಿ ತೆಗೆಯುತ್ತದೆ. ಈರುಳ್ಳಿ ಬೆಳ್ಳುಳ್ಳಿ ರಕ್ತ ಕೆಡಿಸುತ್ತವೆ. ಚಾಕೊಲೇಟು, ಕಾಫಿ, ಟೀ ಎದೆಬಡಿತ ಏರಿಸುತ್ತವೆ. ಸಕ್ಕರೆ ಹಾಕದ ಚೂಯಿಂಗ್ ಗಮ್ಮಂತೂ ಇನ್ನೂ ಅಪಾಯ. ಬೇಯಿಸಿದ ಮೂಳೆ ಸೀಳಿ ಕರುಳಿಗೆ ಚುಚ್ಚುತ್ತದೆ.

“ಹಂಗಾರೆ ಮಂಡ್ಯದಲ್ಲಿ ತಿನ್ನಾಕೆ ಇನ್ನೇನು ಉಳೀತು ಡಾಕ್ಟ್ರೇ?” ಎಂದು ಪುಟ್ಟತಾಯಮ್ಮ ಅಳು ನುಂಗಿಕೊಂಡು ಕೇಳಿದ್ದರು.

“ಸಪ್ಪೆ ಅನ್ನ ಹಾಕಿ, ಬೇಯಿಸಿದ ಕುಂಬಳಕಾಯಿ ಹಾಕಿ. ಪ್ರೀತಿ ಉಕ್ಕಿ ಬಂದ್ರೆ ಬೆನ್ನು ಸವರಿ, ತಟ್ಟೆಗೆ ಬಡಿಸ್ಬೇಡಿ. ಇನ್ನೊಂದ್ಸಲ ದ್ರಾಕ್ಷಿ ತಿಂದ್ರೆ ಇವನ ಕಿಡ್ನಿ ತಡೆಯಲ್ಲಮ್ಮ.”

ಈ ಸುದ್ದಿ ಚೆಲುವರಾಜು ಅವರ ಅಕ್ಕ ಹೊಂಬಾಳಮ್ಮನ ಕಿವಿಗೆ ಬಿತ್ತು. ಹೊಂಬಾಳಮ್ಮನ ಮಾತು ಅಂದರೆ ಕಡ್ಡಿ ಮುರಿದ ಹಾಗೆ. “ಹೇಳಿದ ಮಾತು ಕೇಳದೇ ಇರೋ ನಾಯಿ ಮನೇಲಿ ಉಳಿಯಾಕಿಲ್ಲ, ಯಾವತ್ತಾದ್ರೂ ನಿಮ್ ಕಣ್ಮುಂದೇನೇ ಸಾಯ್ತದೆ. ಭಾನುವಾರ ಕಾರು ತತ್ತೀನಿ. ನಮ್ ಬೀಗರ ತೋಟದ ಕಾವಲಿಗೆ ಕಟ್ಟಾಕ್ತೀನಿ. ಅಲ್ಲಿ ಪಾಯಸನೂ ಇಲ್ಲ, ಪಕೋಡನೂ ಇಲ್ಲ,” ಎಂದು ಫೋನಿನಲ್ಲೇ ತೀರ್ಪು ಕೊಟ್ಟಿದ್ದರು. ಇವತ್ತು ಭಾನುವಾರ. ತೋಟದ ಮೂಲೆಯಲ್ಲಿ ಚೈನು ಬಿಗಿಸಿಕೊಂಡು ಒಬ್ಬನೇ ಕೂತಿರುವ ಅವನನ್ನು ನೆನೆದು ಪುಟ್ಟತಾಯಮ್ಮನಿಗೆ ಮೂರು ದಿನದಿಂದ ತುತ್ತು ಇಳಿದಿರಲಿಲ್ಲ.

ಹೊಂಬಾಳಮ್ಮ ಅಂದದ್ದರಲ್ಲಿ ಸುಳ್ಳೂ ಇರಲಿಲ್ಲ. ನಾಯಿಗೆ ಪುಟ್ಟತಾಯಮ್ಮ ಅಂದರೆ ಪ್ರಾಣ, ಆದರೆ ಅವರ ಮಾತಿಗೆ ಮಾತ್ರ ಮೂರು ಕಾಸಿನ ಬೆಲೆ ಇಲ್ಲ. ಅದಕ್ಕೊಂದು ಕಾರಣವಿತ್ತು. ಅದು ಇಡೀ ಬೀದಿಗೆ ಗೊತ್ತಿತ್ತು.

ನಾಯಿಯ ಹೆಸರು ಚೆಲುವ.

ಹೆಸರಿಟ್ಟವರು ಎದುರು ಮನೆಯ ಬೋರಲಿಂಗಯ್ಯ. ಮರಿ ನೋಡಲು ಲಕ್ಷಣವಾಗಿದೆ ಅಂತ ಇಟ್ಟೆ ಎಂದು ಅವರ ವಾದ. ಚರಂಡಿ ಜಗಳದಲ್ಲಿ ಚೆಲುವರಾಜು ಎದುರು ಸೋತ ಮಾರನೇ ದಿನವೇ ಮರಿ ತಂದು ಹೆಸರಿಟ್ಟರು ಎಂದು ಬೀದಿಯವರ ಅಂಬೋಣ. ದಿನಾ ಬೆಳಿಗ್ಗೆ ಗೇಟಿನ ಹತ್ತಿರ ನಿಂತು, “ಲೇ ಚೆಲುವ, ಗಲೀಜು ಮಾಡ್ಬ್ಯಾಡ್ವೋ!” ಎಂದು ದೊಡ್ಡ ದನಿಯಲ್ಲಿ ಗದರುವುದು ಅವರ ಆನಂದವಾಗಿತ್ತು. ಆಮೇಲೆ ಅವರು ಮನೆ ಮಾರಿ ಮೈಸೂರಿಗೆ ಹೋದರು. ಸಾಮಾನೆಲ್ಲ ಲಾರಿ ಹತ್ತಿತು, ನಾಯಿ ಹತ್ತಲಿಲ್ಲ. ಅದು ರಸ್ತೆ ದಾಟಿ ಬಂದು ಪುಟ್ಟತಾಯಮ್ಮನ ಮೆಟ್ಟಿಲ ಮೇಲೆ ಮಲಗಿತು. ಪುಟ್ಟತಾಯಮ್ಮ ಒಂದು ಚೂರು ರೊಟ್ಟಿ ಹಾಕಿದರು. ಅಲ್ಲಿಗೆ ಎಲ್ಲಾ ಮುಗಿಯಿತು.

ಆದರೆ ಗಂಡನ ಹೆಸರನ್ನು ಹೆಂಡತಿ ಬಾಯಲ್ಲಿ ಹೇಳುವುದುಂಟೆ? ಗಂಡನ ಆಯಸ್ಸು ಕಮ್ಮಿಯಾಗುವುದಿಲ್ಲವೆ? ಪುಟ್ಟತಾಯಮ್ಮ ಈ ವಿಷಯದಲ್ಲಿ ಕಟ್ಟುನಿಟ್ಟು. ಮದುವೆಯ ದಿನ ಹೊಸಿಲಲ್ಲಿ ನಾದಿನಿಯರ ಗುಂಪು ಕಟ್ಟಿಕೊಂಡು ಹೊಂಬಾಳಮ್ಮ ಅಡ್ಡ ನಿಂತು, “ನನ್ ತಮ್ಮನ ಹೆಸರು ಹೇಳು, ಒಳಗೆ ಬಾ,” ಎಂದಾಗ ಪುಟ್ಟತಾಯಮ್ಮ ಬಾಯಿ ಬಿಡಲೇ ಇಲ್ಲ. ಮುಹೂರ್ತದ ಊಟ ಆರಿಹೋಗುತ್ತದೆಂದು ಅಡುಗೆಯವರು ಬೈದ ಮೇಲೆ ಹಾಗೇ ಒಳಗೆ ಬಿಟ್ಟಿದ್ದರು. ಅದನ್ನು ಹೊಂಬಾಳಮ್ಮ ಇವತ್ತಿಗೂ ಮರೆತಿಲ್ಲ. ರೇಷನ್ ಅಂಗಡಿಯಲ್ಲಿ ಗಂಡನ ಹೆಸರು ಕೇಳಿದರೂ, “ಮೇಲುಕೋಟೆ ಸ್ವಾಮಿ ಹೆಸರು, ಬರ್ಕಳಪ್ಪ,” ಎನ್ನುತ್ತಿದ್ದರು.

ನಾಯಿಯನ್ನು ರಾಜ ಅಂದು ನೋಡಿದರು, ಟಾಮಿ ಅಂದು ನೋಡಿದರು. ಅದು ತಿರುಗಿಯೂ ನೋಡಲಿಲ್ಲ. ಕೊನೆಗೆ “ಏಯ್”, “ಲೇ ಮಗ”, “ಬ್ಯಾಡ್ವೋ” ಇಷ್ಟರಲ್ಲೇ ಕಾಲ ಹಾಕುತ್ತಿದ್ದರು. ಪುಟ್ಟತಾಯಮ್ಮ “ಏಯ್!” ಅಂದರೆ ಸೊಪ್ಪಿನವನು ನಿಲ್ಲುತ್ತಿದ್ದ, ಪೇಪರಿನವನು ನಿಲ್ಲುತ್ತಿದ್ದ, ನಾಯಿ ಮಾತ್ರ ತಿನ್ನುವುದನ್ನು ಇನ್ನಷ್ಟು ಬೇಗ ನುಂಗುತ್ತಿತ್ತು.

“ನಾನು ಸ್ನಾನ ಮಾಡ್ಕಂಡು ಬತ್ತೀನಿ,” ಎಂದರು ಚೆಲುವರಾಜು, ನಂಜಮ್ಮನ ಬೆನ್ನಿಗೆ ಬ್ಯಾಟರಿ ತಗುಲಿಸಿ. “ಅದು ಎರಡು ಪ್ರಶ್ನೆ ಕೇಳ್ತದೆ, ಉತ್ತರ ಕೊಡು. ಅಡುಗೆಮನೆ ಒಡತಿ ದನಿ ಬಿಟ್ಟು ಬೇರೆ ಯಾರ ಮಾತೂ ಕೇಳಬಾರ್ದು, ಹಂಗೆ ಮಾಡಿವ್ನಿ. ನಮ್ಮಕ್ಕ ಬಂದು ಕೆಡಿಸಬಾರ್ದಲ್ಲ!”

“ನಿಲ್ಸಾಕೆ ಸ್ವಿಚ್ಚೆಲ್ಲಿ?”

“ಸ್ವಿಚ್ಚಿಟ್ರೆ ನಾಯಿ ಒತ್ತಿಬಿಟ್ರೆ? ಇಟ್ಟಿಲ್ಲ!” ಎಂದು ತಮ್ಮ ಮುಂದಾಲೋಚನೆಯನ್ನು ತಾವೇ ಮೆಚ್ಚಿಕೊಂಡು ಟವೆಲ್ ಹೆಗಲಿಗೆ ಹಾಕಿ ಹೊರಟರು.

ನಂಜಮ್ಮ ಗರಗರ ಎಂದಿತು. ಮೂಗು ತಿರುಗಿತು. ವಾರ್ತೆ ಓದುವವರ ಹಾಗೆ ಅಚ್ಚುಕಟ್ಟಾದ ಹೆಣ್ಣುದನಿ ಕೇಳಿಸಿತು.

“ನಮಸ್ಕಾರ. ನಾನು ನಂಜಮ್ಮ. ನಾನು ಕಾಪಾಡಬೇಕಾದ ಪ್ರಾಣಿಯ ಹೆಸರು ಚೆಲುವ ಎಂದು ತಿಳಿಸಲಾಗಿದೆ. ಚೆಲುವ ಯಾರು? ತೋರಿಸಿ.”

ಪುಟ್ಟತಾಯಮ್ಮನ ಕಿವಿ ಕೆಂಪಾಯಿತು. ಆ ಹೆಸರು ಕಿವಿಗೆ ಬಿದ್ದರೆ ಅವರ ಮನಸ್ಸಿಗೆ ಬರುವುದು ಒಂದೇ ಮುಖ. ಯಂತ್ರವಾದರೂ ಹೀಗೆ ಏಕವಚನದಲ್ಲಿ ಕರೆಯುವುದೇ! “ಅಯ್ಯೋ, ಅವ್ರ ಹೆಸರ ನನ್ ಬಾಯಲ್ಲಿ ಹೇಳಿಸ್ಬ್ಯಾಡಮ್ಮ. ಅಗೋ, ಅಲ್ಲವ್ರಲ್ಲ, ಅವ್ರೇ,” ಎಂದು ನಾಚಿಕೊಂಡು ಗೋಡೆಯ ಮೇಲಿನ ಮದುವೆಯ ಫೋಟೋ ತೋರಿಸಿದರು. ನಂಜಮ್ಮ ಹೋಗಿ ಫೋಟೋದ ಮುಂದೆ ನಿಂತು, ಮೀಸೆಯನ್ನು ಚೆನ್ನಾಗಿ ನೋಡಿಕೊಂಡಿತು.

“ದಾಖಲಾಯಿತು. ಬಾಗಿಲಲ್ಲಿ ಮಲಗಿರುವವರು ಯಾರು?”

“ಅವ್ನಾ?” ಪುಟ್ಟತಾಯಮ್ಮನಿಗೆ ನಗು ಬಂತು. “ಅವ್ನೇ ಈ ಮನೆ ಯಜಮಾನ! ಅವ್ನು ಎದ್ಮೇಲೆ ನಾವು ಏಳ್ಬೇಕು, ಅವ್ನು ಉಂಡ್ಮೇಲೆ ನಾವು ಉಣ್ಬೇಕು!”

“ದಾಖಲಾಯಿತು,” ಎಂದಿತು ನಂಜಮ್ಮ. ಬಾಗಿಲ ಹತ್ತಿರ ಹೋಗಿ ಸೌಟು ಎದೆಗಿಟ್ಟುಕೊಂಡು ನಾಯಿಗೆ ತಲೆ ಬಾಗಿಸಿತು. ನಾಯಿ ಆಕಳಿಸಿತು.

ಸ್ನಾನ ಮುಗಿಸಿ ವಿಭೂತಿ ಹಚ್ಚಿಕೊಂಡು ಬಂದ ಚೆಲುವರಾಜು ಪೇಪರ್ ಬಿಡಿಸಿ ಕೂತರು. ಪುಟ್ಟತಾಯಮ್ಮ ಬಟ್ಟೆಯಲ್ಲಿ ಸೋಸಿದ ಕಾಫಿ ತಂದಿಟ್ಟರು. ಲೋಟ ತುಟಿಗೆ ಇನ್ನೂ ತಾಗಿರಲಿಲ್ಲ. ಚಕ್ರ ಕಿರ್ರೆಂದವು. ಇಕ್ಕಳ ಬಂದು ಲೋಟವನ್ನು ಕಚ್ಚಿಕೊಂಡು ಹೋಯಿತು.

“ಚೆಲುವ, ಬೇಡ! ಕಾಫಿ ನಿನಗೆ ಆಗದು. ಎದೆ ಹೊಡೆದುಕೊಳ್ಳುತ್ತದೆ.”

“ಭಲೇ!” ಎಂದರು ಚೆಲುವರಾಜು. “ಎಷ್ಟು ಚುರುಕು ನೋಡೇ! ಕಾಫಿ ವಾಸನೆ ಹಿಡಿದೇಬಿಡ್ತು. ಆದ್ರೆ ನನ್ ಲೋಟ ಯಾಕೆ...” ಅಷ್ಟರಲ್ಲಿ ಉಪ್ಪಿಟ್ಟಿನ ತಟ್ಟೆಯೂ ಹೋಯಿತು.

“ಚೆಲುವ, ಈರುಳ್ಳಿ ರಕ್ತ ಕೆಡಿಸುತ್ತದೆ. ಕೂತ್ಕೋ. ಜಾಣ.” ಸೌಟು ಅವರ ಬೋಳು ತಲೆಯನ್ನು ಮೃದುವಾಗಿ ಎರಡು ಸಲ ತಟ್ಟಿತು. ಮುಂದೆ ಒಂದು ಬಟ್ಟಲು ಬಂತು. ಅದರಲ್ಲಿ ಸಪ್ಪೆ ಅನ್ನ, ಬೇಯಿಸಿದ ಕುಂಬಳಕಾಯಿ.

ಚೆಲುವರಾಜು ಬಟ್ಟಲು ನೋಡಿದರು, ನಾಯಿಯ ಮುಖ ನೋಡಿದರು, ಹೆಂಡತಿಯ ಮುಖ ನೋಡಿದರು. “ಲೇ ಪುಟ್ಟತಾಯಿ, ಅದು ಚೆಲುವ ಯಾರು ಅಂತ ಕೇಳ್ದಾಗ ಏನಂದೆ?”

“ನಿಮ್ಮನ್ನೇ ತೋರಿಸ್ದೆ. ಈ ಮನೇಲಿ ಇನ್ಯಾರವ್ರೆ ಆ ಹೆಸರವ್ರು?”

“ನಾಯಿ!”

ಪುಟ್ಟತಾಯಮ್ಮ ಬಾಯಿಗೆ ಸೆರಗು ಇಟ್ಟುಕೊಂಡರು. ಅದು ಹೆದರಿಕೆಗೋ ನಗು ತಡೆಯಲಿಕ್ಕೋ ಹೇಳುವುದು ಕಷ್ಟ.

“ಈಗ ಸರಿ ಮಾಡು. ಕಷ್ಟ ಏನಿಲ್ಲ. ಚೆಲುವರಾಜು ಮನುಷ್ಯ, ಅವ್ನನ್ನ ಬಿಟ್ಬಿಡು ಅಂತ ಒಂದೇ ಮಾತು ಹೇಳು. ನಿನ್ ದನಿ ಬಿಟ್ಟು ಬೇರೆ ಕೇಳಲ್ಲ ಅದು.”

“ನಾನಾ? ನಿಮ್ಮ ಹೆಸರಾ? ಸತ್ರೂ ಇಲ್ಲ! ನಿಮ್ಮ ಆಯಸ್ಸೇನಾಗ್ಬೇಕು?”

“ಕಾಫಿ ಇಲ್ದೆ ಈಗ್ಲೇ ಸಾಯ್ತಾ ಇವ್ನಲ್ಲೇ! ಆಯಸ್ಸು ಉಳಿಸ್ಕಂಡು ಕುಂಬಳಕಾಯಿ ತಿನ್ಲಾ?”

“ಕುಂಬಳಕಾಯಿ ಒಳ್ಳೇದು. ತಂಪು.”

“ಪುಟ್ಟತಾಯೀ!”

ಪುಟ್ಟತಾಯಮ್ಮ ಮನಸ್ಸು ಮಾಡಿ ನಂಜಮ್ಮನ ಮುಂದೆ ಕೈಕಟ್ಟಿ ನಿಂತರು. “ನೋಡಮ್ಮ, ಮೇಲುಕೋಟೆ ಸ್ವಾಮಿ ಹೆಸರಿನವ್ರು ಮನುಷ್ಯರು.”

“ಮೇಲುಕೋಟೆ ಸ್ವಾಮಿಯವರು ಈ ಮನೆಯಲ್ಲಿ ಊಟ ಮಾಡುವ ದಾಖಲೆ ಇಲ್ಲ.”

“ಅಯ್ಯೋ ನಿನ್ನ! ನಮ್ ಯಜಮಾನ್ರು ಕಣಮ್ಮ! ನಮ್ ಯಜಮಾನ್ರು ಮನುಷ್ಯರು. ಅವ್ರು ಏನು ಬೇಕಾದ್ರೂ ತಿನ್ಬೋದು!”

“ಆಗಲಿ. ಯಜಮಾನರು ಮನುಷ್ಯರು. ಏನು ಬೇಕಾದರೂ ತಿನ್ನಬಹುದು. ದಾಖಲಾಯಿತು.” ನಂಜಮ್ಮ ಚೆಲುವರಾಜು ಅವರಿಂದ ಕಿತ್ತುಕೊಂಡಿದ್ದ ಉಪ್ಪಿಟ್ಟಿನ ತಟ್ಟೆಯನ್ನು ತೆಗೆದುಕೊಂಡು ನೇರವಾಗಿ ಅಡುಗೆಮನೆಯ ಬಾಗಿಲಿಗೆ ನಡೆಯಿತು. “ಯಜಮಾನರೇ, ದಯಮಾಡಿ ತಿಂಡಿ ಸ್ವೀಕರಿಸಿ.”

ಗಂಡ ಹೆಂಡತಿ ಇಬ್ಬರೂ ಒಟ್ಟಿಗೇ ಚೀರಿದರು. ಪುಟ್ಟತಾಯಮ್ಮ ತಟ್ಟೆಯನ್ನು ಕಾಲಿಂದ ಒದ್ದರು. ಉಪ್ಪಿಟ್ಟು ಮುದ್ದೆಯ ಗುರುತಿದ್ದ ಗೋಡೆಗೇ ಹೋಗಿ ಬಡಿಯಿತು. ನಾಯಿ ಎದ್ದು ಆ ಕಡೆ ಓಡುವಷ್ಟರಲ್ಲಿ ಅವರು ಅದರ ಕುತ್ತಿಗೆ ತಬ್ಬಿಕೊಂಡು ನೆಲದ ಮೇಲೆ ಕೂತುಬಿಟ್ಟರು. ಅವರ ಎದೆ ಡವಡವ ಹೊಡೆದುಕೊಳ್ಳುತ್ತಿತ್ತು. ಕಾಫಿ ಕುಡಿಯದೆಯೇ.

“ನಿಮ್ ನಂಜಮ್ಮನ ನಾಶವಾಗ! ನಾಯಿ ಕಾಯೋಕೆ ಅಂತ ಮಾಡಿ ನಾಯಿಗೇ ವಿಷ ಬಡಿಸ್ತಾ ಅವ್ಳಲ್ರೀ!”

“ಯಜಮಾನ ಅಂದೋರು ಯಾರು? ನಾನಾ?”

“ಬ್ಯಾಟರಿ ಕೀಳ್ರಿ ಮೊದ್ಲು!”

ಚೆಲುವರಾಜು ಸ್ಕ್ರೂಡ್ರೈವರ್ ಹಿಡಿದು ಹಿಂದಿನಿಂದ ಹೋದರು. ಇಕ್ಕಳ ಬಂದು ಸ್ಕ್ರೂಡ್ರೈವರನ್ನು ನಾಯಿಯ ಬಾಯಿಂದ ಮೂಳೆ ಕೀಳುವಷ್ಟು ಜೋಪಾನವಾಗಿ ಕಿತ್ತುಕೊಂಡಿತು. “ಚೆಲುವ, ಅದು ಗಂಟಲಿಗೆ ಸಿಕ್ಕಿಕೊಳ್ಳುತ್ತದೆ,” ಎಂದು ಹೇಳಿ, ಅದರ ಬದಲು ಒಂದು ಕೆಂಪು ಚೆಂಡನ್ನು ನಡುಮನೆಯ ಆ ತುದಿಗೆ ಎಸೆದು, “ಹೋಗು, ತಗೊಂಡು ಬಾ,” ಎಂದಿತು. ಚೆಲುವರಾಜು ಹೋಗಲಿಲ್ಲ. ಅದು ಕಾಯಿತು. ಅವರು ಹೋಗಲಿಲ್ಲ. ಅದು ಇಕ್ಕಳ ಎತ್ತಿತು. ಅವರು ಹೋಗಿ ತಂದರು.

ಸರಿಯಾಗಿ ಆಗಲೇ ಹೊರಗೆ ಕಾರಿನ ಹಾರ್ನ್ ಕೇಳಿಸಿತು.

ಹೊಂಬಾಳಮ್ಮ ಒಂದು ಕೈಯಲ್ಲಿ ನಾಯಿ ಕಟ್ಟುವ ಚೈನು, ಇನ್ನೊಂದು ಕೈಯಲ್ಲಿ ದೊಡ್ಡ ಟಿಫಿನ್ ಕ್ಯಾರಿಯರ್ ಹಿಡಿದು ಒಳಗೆ ಬಂದರು. ತಮ್ಮನ ಕೈಯಲ್ಲಿದ್ದ ಚೆಂಡು ನೋಡಿದರು.

“ಇದೇನ್ಲಾ ಚೆಲುವ, ಈ ವಯಸ್ಸಿನಲ್ಲಿ ಆಟ?”

“ಖಚಿತವಾಯಿತು. ಇವನೇ ಚೆಲುವ,” ಎಂದಿತು ನಂಜಮ್ಮ.

“ಯಾರೋ ಇವ್ಳು, ನನ್ ತಮ್ಮನ್ನ ಏಕವಚನದಲ್ಲಿ ಮಾತಾಡ್ಸೋಳು?”

“ಅಕ್ಕಯ್ಯ, ಕೂತ್ಕೊ, ಎಲ್ಲಾ ಹೇಳ್ತೀನಿ,” ಎಂದು ಚೆಲುವರಾಜು ತೊದಲುತ್ತಿದ್ದಾಗ ಪುಟ್ಟತಾಯಮ್ಮನ ಕಣ್ಣು ಕ್ಯಾರಿಯರ್ ಮೇಲೆ ಬಿತ್ತು. “ಅತ್ಗೆ, ಏನದು?”

“ಶಾವಿಗೆ ಪಾಯಸ. ನೀನು ದ್ರಾಕ್ಷಿ ಮನೆಯೊಳಗೇ ತತ್ತಾ ಇಲ್ವಂತಲ್ಲ. ದ್ರಾಕ್ಷಿ ಇಲ್ದೆ ಇದ್ರೆ ಅದೂ ಒಂದು ಪಾಯಸವಾ? ನಾಯಿ ಹೋಗೋ ದಿನ ನೀವಾದ್ರೂ ಬಾಯಿ ಸಿಹಿ ಮಾಡ್ಕಳ್ಳಿ ಅಂತ ಎರಡು ಹಿಡಿ ಜಾಸ್ತೀನೇ ಹಾಕಿವ್ನಿ.”

ಪುಟ್ಟತಾಯಮ್ಮ ಕೈ ಅಡ್ಡ ಚಾಚಿದರು. “ಕೆಳಗಿಡ್ಬ್ಯಾಡಿ ಅತ್ಗೆ!” ಎನ್ನುವಷ್ಟರಲ್ಲಿ ಹೊಂಬಾಳಮ್ಮ ಕ್ಯಾರಿಯರನ್ನು ಊಟದ ಮೇಜಿನ ಮೇಲೆ ಇಟ್ಟು ಮುಚ್ಚಳ ತೆಗೆದೇಬಿಟ್ಟರು. ತುಪ್ಪದಲ್ಲಿ ಹುರಿದ ದ್ರಾಕ್ಷಿಯ ಘಮ ನಡುಮನೆ ತುಂಬಿತು. ಫಿಲ್ಟರ್ ಮೂಗು ಗರಗರ ತಿರುಗಿತು.

“ಒಣದ್ರಾಕ್ಷಿ. ಚೆಲುವನಿಗೆ ನಿಷಿದ್ಧ. ಯಜಮಾನರಿಗೆ ಮೊದಲು ಬಡಿಸಬೇಕು.”

ಮುಂದಿನದೆಲ್ಲ ಕಣ್ಣು ಮಿಟುಕಿಸುವುದರೊಳಗೆ ನಡೆಯಿತು. ಇಕ್ಕಳ ಚೆಲುವರಾಜು ಅವರ ಅಂಗಿಯ ಕೊರಳುಪಟ್ಟಿ ಹಿಡಿದು ಮೇಜಿನಿಂದ ದೂರ ಎಳೆಯಿತು. ಸೌಟು ಪಾಯಸಕ್ಕೆ ಇಳಿಯಿತು. ಎಲ್ಲಿಂದಲೋ ಬಾಳೆ ಎಲೆ ಬಂತು, ನಾಯಿಯ ಮುಂದೆ ಹರಡಿಕೊಂಡಿತು, ಅದರ ಮೇಲೆ ಪಾಯಸ ಸುರಿಯಿತು. ಅಡ್ಡ ಬಂದ ಹೊಂಬಾಳಮ್ಮನನ್ನು ನಂಜಮ್ಮ ಡ್ರಮ್ಮಿನ ಹೊಟ್ಟೆಯಿಂದ ಮೆಲ್ಲಗೆ ಗೋಡೆಗೆ ಒತ್ತಿ ನಿಲ್ಲಿಸಿತು. “ಯಜಮಾನರ ಊಟಕ್ಕೆ ಅಡ್ಡಿ ಮಾಡಬಾರದು.”

“ಅಯ್ಯಯ್ಯೋ, ನನ್ನ ಸೊಂಟ! ಲೋ ಚೆಲುವ, ಬಿಡ್ಸೋ!”

“ನನ್ನೇ ಹಿಡಿದವ್ಳೆ ಅಕ್ಕಯ್ಯ! ಪುಟ್ಟತಾಯಿ, ನಾಯಿ ನೋಡೇ! ನಾಯಿ!”

ಪುಟ್ಟತಾಯಮ್ಮ ಮೇಜಿನ ಈಚೆ ಇದ್ದರು. ನಾಯಿ ಆಚೆ. ನಡುವೆ ನಂಜಮ್ಮ, ಹೊಂಬಾಳಮ್ಮ, ಗಂಡ ಮೂವರೂ ಸಿಕ್ಕಿಬಿದ್ದಿದ್ದರು. ಸುತ್ತಿ ಹೋಗುವಷ್ಟರಲ್ಲಿ ಎಲೆ ಖಾಲಿಯಾಗುತ್ತದೆ.

“ಏಯ್! ಬ್ಯಾಡ್ವೋ! ಲೇ ಮಗ, ಬ್ಯಾಡ ಕಣೋ!”

ನಾಯಿ ಅವರತ್ತ ನೋಡಿ ಬಾಲ ಅಲ್ಲಾಡಿಸಿತು. ಈ ಶಬ್ದಗಳು ಅದಕ್ಕೆ ಹಳೆಯವು. ಬೇಗ ತಿನ್ನು ಎಂದು ಅವುಗಳ ಅರ್ಥ. ಎಲೆಗೆ ಮೂತಿ ಇಳಿಸಿತು. ನಾಲಿಗೆ ಹೊರಬಂತು. ಇನ್ನೊಂದ್ಸಲ ತಿಂದರೆ ತಡೆಯಲ್ಲಮ್ಮ ಎಂದ ಡಾಕ್ಟರ ಮಾತು ಪುಟ್ಟತಾಯಮ್ಮನ ತಲೆಯಲ್ಲಿ ಗಂಟೆ ಬಾರಿಸಿದಂತೆ ಕೇಳಿಸಿತು. ಆಯಸ್ಸು, ಹೊಸಿಲು, ಮೇಲುಕೋಟೆ ಎಲ್ಲಾ ಮರೆತುಹೋಯಿತು.

“ಚೆಲುವಾ! ಬ್ಯಾಡ! ಬಾರೋ ಇಲ್ಲಿ!”

ಆ ದನಿಗೆ ಕಿಟಕಿಯ ಗಾಜು ಅದುರಿತು.

ನಾಯಿಯ ನಾಲಿಗೆ ಎಲೆಯಿಂದ ಎರಡು ಬೆರಳು ಮೇಲೆ ನಿಂತುಬಿಟ್ಟಿತು. ಕಿವಿ ನೆಟ್ಟಗಾದವು. ತನಗೆ ಅನ್ನ ಹಾಕುವವರ ಬಾಯಿಂದ ತನ್ನ ಹೆಸರು ಅದು ಕೇಳಿದ್ದು ಇದೇ ಮೊದಲು. ಒಂದು ಗಳಿಗೆ ಪಾಯಸ ನೋಡಿತು, ಒಂದು ಗಳಿಗೆ ಪುಟ್ಟತಾಯಮ್ಮನ ಮುಖ ನೋಡಿತು. ಆಮೇಲೆ ಪಾಯಸಕ್ಕೆ ಬೆನ್ನು ಹಾಕಿ, ಮೇಜಿನ ಕೆಳಗೆ ನುಸುಳಿ, ಓಡಿಬಂದು ಅವರ ಕಾಲಮೇಲೆ ತಲೆ ಇಟ್ಟಿತು. ಪುಟ್ಟತಾಯಮ್ಮ ಅಲ್ಲೇ ಕುಸಿದು ಕೂತು, ಅದರ ಮೂತಿಯನ್ನು ಎರಡೂ ಕೈಯಲ್ಲಿ ಹಿಡಿದು ಅತ್ತೇಬಿಟ್ಟರು.

ಆ ಕಡೆ ಕೊರಳುಪಟ್ಟಿ ಬಿಡಿಸಿಕೊಂಡು ಪಾಯಸದ ಒಂದು ಗೋಡಂಬಿಗೆ ಕೈ ಹಾಕಿದ್ದ ಚೆಲುವರಾಜು ಕೂಡ ಕಳ್ಳನ ಹಾಗೆ ಕೈ ಹಿಂದಕ್ಕೆ ತೆಗೆದುಕೊಂಡು ನಿಂತಿದ್ದರು.

ಮೊದಲು ಮಾತಾಡಿದವರು ಗೋಡೆಗೆ ಅಂಟಿಕೊಂಡಿದ್ದ ಹೊಂಬಾಳಮ್ಮ. “ಎಲಾ ಇವ್ಳ! ಅವತ್ತು ಹೊಸಿಲಲ್ಲಿ ಉಂಗುರ ಕೊಡ್ತೀನಿ ಅಂದ್ರೂ ತುಟಿ ಬಿಚ್ಚಲಿಲ್ಲ. ಇವತ್ತು ನಾಯಿಗೋಸ್ಕರ ಬೀದಿಗೆಲ್ಲಾ ಕೇಳೋ ಹಂಗೆ ಕೂಗವ್ಳೆ! ಅದೂ ಏಕವಚನ!”

“ನಾನು ಕರ್ದಿದ್ದು ಇವ್ನನ್ನ, ಅವ್ರನ್ನಲ್ಲ!” ಎಂದು ಪುಟ್ಟತಾಯಮ್ಮ ಮೂಗು ಒರೆಸಿಕೊಂಡರು.

“ಹೆಸರು ಒಂದೇ ಅಲ್ವಾ? ಹೇಳಿದ್ದು ಹೇಳಿದಂಗೇನೆ,” ಎಂದ ಹೊಂಬಾಳಮ್ಮ ಕೈಯಲ್ಲಿದ್ದ ಚೈನನ್ನು ಒಂದು ಸಲ ನೋಡಿ, ಸೀರೆಯ ಸೊಂಟಕ್ಕೆ ಸಿಕ್ಕಿಸಿಕೊಂಡರು. “ಮಾತು ಕೇಳ್ತದೆ ಬಿಡು ನಾಯಿ. ಹೆಸರು ಹಿಡಿದು ಕರೆಯೋರು ಇರ್ಲಿಲ್ಲ, ಅಷ್ಟೇ. ತೋಟ ಕಾಯೋಕೆ ಬೇರೆ ಯಾರ್ನಾದ್ರೂ ನೋಡ್ಕಳ್ತಾರೆ. ಈಗ ಈ ಡ್ರಮ್ಮನ್ನ ನನ್ ಹೊಟ್ಟೆ ಮೇಲಿಂದ ತೆಗಿಸ್ತೀರಾ?”

ನಂಜಮ್ಮ ತಾನಾಗಿಯೇ ಹಿಂದೆ ಸರಿಯಿತು. ಅದರ ತಲೆಯೊಳಗೆ ಭಾರೀ ಗೊಂದಲ ನಡೆಯುತ್ತಿತ್ತು. ಹಾಲಿನ ಕ್ಯಾನು ಎಡಕ್ಕೆ ತಿರುಗಿತು, ಬಲಕ್ಕೆ ತಿರುಗಿತು.

“ಒಡತಿಯವರು ಯಜಮಾನರನ್ನು ಚೆಲುವ ಎಂದು ಕರೆದಿದ್ದಾರೆ. ಆದ್ದರಿಂದ ಈ ಮನೆಯಲ್ಲಿ ಇಬ್ಬರು ಚೆಲುವರು. ಇಬ್ಬರಿಗೂ ದ್ರಾಕ್ಷಿ ಇಲ್ಲ, ಈರುಳ್ಳಿ ಇಲ್ಲ, ಕಾಫಿ ಇಲ್ಲ. ಯಜಮಾನರ ಸ್ಥಾನ ಖಾಲಿ ಇದೆ. ಈ ಮನೆಯ ಯಜಮಾನರು ಯಾರು?”

ಚೆಲುವರಾಜು ಗಂಟಲು ಸರಿಮಾಡಿಕೊಂಡು ಅಂಗಿ ಎಳೆದುಕೊಂಡರು. ಹೊಂಬಾಳಮ್ಮ ತಮ್ಮನನ್ನು ಮೇಲಿಂದ ಕೆಳಗೆ ನೋಡಿ ನಕ್ಕರು. ಪುಟ್ಟತಾಯಮ್ಮ ನೆಲದಿಂದ ಎದ್ದರು. ಸೆರಗು ಸರಿಮಾಡಿಕೊಂಡು ಕುರ್ಚಿಯ ಮೇಲೆ ಕೂತರು. ನಾಯಿ ಹೋಗಿ ಅವರ ಪಕ್ಕ ಕೂತಿತು.

“ದಾಖಲಾಯಿತು,” ಎಂದಿತು ನಂಜಮ್ಮ. ಇಕ್ಕಳದಲ್ಲಿ ಬಿಸಿ ಕಾಫಿಯ ಲೋಟ ಹಿಡಿದು ಬಂದು ಪುಟ್ಟತಾಯಮ್ಮನ ಮುಂದೆ ತಲೆ ಬಾಗಿಸಿತು. ಆ ಮನೆಯಲ್ಲಿ ಅವರಿಗೆ ಯಾರಾದರೂ ಕಾಫಿ ಮಾಡಿಕೊಟ್ಟದ್ದು ಅದೇ ಮೊದಲು.

ಆಮೇಲಿನ ಕತೆ ಬೀದಿಯವರಿಗೆಲ್ಲ ಬಾಯಿಪಾಠ. ಇಬ್ಬರು ಚೆಲುವರಿಗೂ ಬೆಳಿಗ್ಗೆ ಒಂದೇ ಹೊತ್ತಿಗೆ ವಾಕಿಂಗ್, ಮಧ್ಯಾಹ್ನ ಒಂದೇ ಬಗೆಯ ಕುಂಬಳಕಾಯಿ. ನಾಯಿ ಚೆಲುವ ಮೈಕೈ ತುಂಬಿಕೊಂಡು ಮಿರುಗತೊಡಗಿದ. ಪುಟ್ಟತಾಯಮ್ಮ “ಚೆಲುವಾ” ಅಂದರೆ ಸಾಕು, ಬಾಯಲ್ಲಿದ್ದ ಮೂಳೆಯನ್ನೂ ಉಗಿದು ಓಡಿಬರುತ್ತಿದ್ದ. ಇನ್ನೊಬ್ಬ ಚೆಲುವ ಒಂದು ದಿನ ತಡೆಯಲಾರದೆ, ಪೇಪರ್ ತರುತ್ತೇನೆಂದು ಹೋಗಿ, ಬಸ್ ಸ್ಟ್ಯಾಂಡ್ ಹತ್ತಿರದ ಹೋಟೆಲಿನಲ್ಲಿ ಈರುಳ್ಳಿ ದೋಸೆ ತಿಂದು, ಮೇಲೆ ಏಲಕ್ಕಿ ಅಗಿದು ಮನೆಗೆ ಬಂದರು. ಹೊಸಿಲು ದಾಟುವಷ್ಟರಲ್ಲಿ ಫಿಲ್ಟರ್ ಮೂಗು ತಿರುಗಿತು. ನಂಜಮ್ಮ ತಡಮಾಡದೆ ಪಶುವೈದ್ಯರಿಗೆ ಫೋನ್ ಹಚ್ಚಿತು.

“ಚೆಲುವ ಈರುಳ್ಳಿ ತಿಂದಿದ್ದಾನೆ. ಗಂಡು. ಮೀಸೆ ಇದೆ. ತೂಕ ಎಪ್ಪತ್ತೆಂಟು ಕೆಜಿ. ಬಾಲ ಕಾಣುತ್ತಿಲ್ಲ.”

“ಎಪ್ಪತ್ತೆಂಟಾ? ಏನು ತಿನ್ನಿಸ್ತಿದೀರಮ್ಮ!” ಡಾಕ್ಟರ್ ಮುಬೀನಾ ಗಾಬರಿಯಾದರು. “ಬಾಲ ಕಾಲ್ಸಂದಿಗೆ ಮಡಚ್ಕೊಂಡಿರ್ಬೇಕು, ಹೆದರಿದೆ ಪಾಪ. ನೀವಾಗಿ ಉಪ್ಪುನೀರು ಗಿಪ್ಪುನೀರು ಕುಡಿಸ್ಬೇಡಿ. ಬಾಯಿ ಕಟ್ಟಿ ಇಟ್ಕೊಳ್ಳಿ, ಬಂದೆ!”

ಅವರು ಸ್ಕೂಟರಿನಲ್ಲಿ ಔಷಧದ ಪೆಟ್ಟಿಗೆ ಸಮೇತ ಧಾವಿಸಿ ಬಂದಾಗ ಚೆಲುವರಾಜು ಮಂಚದ ಕೆಳಗಿದ್ದರು. ನಾಯಿ ಚೆಲುವ ಮಂಚದ ಪಕ್ಕ ಕೂತು ಅವರನ್ನೇ ನೋಡುತ್ತಿದ್ದ. ಒಳಗಿನಿಂದ ಪುಟ್ಟತಾಯಮ್ಮ, “ಚೆಲುವಾ, ಹೊರಗೆ ಬಾ!” ಎಂದು ಗಟ್ಟಿಯಾಗಿ ಕೂಗಿದರು. ನಾಯಿ ಎದ್ದು ಬಂತು. ಅದರ ಹಿಂದೆಯೇ, ತಲೆ ತಗ್ಗಿಸಿಕೊಂಡು, ಮಂಡಿಯೂರಿ, ಚೆಲುವರಾಜು ಕೂಡ ಬಂದರು.

ಡಾಕ್ಟರು ಬಹಳ ಹೊತ್ತು ನಕ್ಕು, ಕಣ್ಣೊರೆಸಿಕೊಂಡು ಕೇಳಿದರು, “ಅಲ್ಲಮ್ಮ, ಹೇಗೂ ಹೆಸರು ಹೇಳೋಕೆ ಶುರು ಮಾಡಿದೀರ. ಇವರು ಮನುಷ್ಯರು ಅಂತ ಆ ಯಂತ್ರಕ್ಕೆ ಒಂದು ಮಾತು ಹೇಳಿ ಸರಿ ಮಾಡಿಸ್ಬಾರ್ದಾ?”

ನಂಜಮ್ಮ ತಂದುಕೊಟ್ಟ ಕಾಫಿಯನ್ನು ಪುಟ್ಟತಾಯಮ್ಮ ಒಂದು ಗುಟುಕು ಹೀರಿದರು.

“ಸರಿ ಮಾಡ್ಸೋಕೆ ಈಗ ಕೆಟ್ಟಿರೋದೇನು ಡಾಕ್ಟ್ರೇ? ಒಂದ್ಸಲ ಕರೆದ್ರೆ ಇಬ್ರೂ ಬತ್ತಾರೆ.”